ಸ್ವಾತಿಮುತ್ತಿಗೂ ಒಂದು ಮೈಯಿದೆ

ಕೆಲವು ಚಲನಚಿತ್ರಗಳು ಚಿತ್ರಮಂದಿರದಿಂದ ಹೊರಟುಹೋದ ಮೇಲೂ ನಮ್ಮ ಮನೆಗಳನ್ನು ಬಿಟ್ಟುಹೋಗುವುದಿಲ್ಲ. ಹಬ್ಬದ ಮಧ್ಯಾಹ್ನವೋ ರಜೆಯ ಸಂಜೆಯೋ ದೂರದರ್ಶನದ ಪರದೆಯ ಮೇಲೆ ಅವು ಮತ್ತೆ ಮತ್ತೆ ಬರುತ್ತವೆ. ಮನೆಮಂದಿಯೆಲ್ಲ ಕೂತು ನೋಡಿ, ಕಣ್ಣೊರೆಸಿಕೊಂಡು ಏಳುತ್ತಾರೆ. 2003ರಲ್ಲಿ ತೆರೆಕಂಡ ‘ಸ್ವಾತಿಮುತ್ತು’ ಅಂಥ ಚಿತ್ರಗಳಲ್ಲೊಂದು. ಡಿ. ರಾಜೇಂದ್ರಬಾಬು ಅವರ ನಿರ್ದೇಶನದಲ್ಲಿ ಸುದೀಪ್ ಮತ್ತು ಮೀನಾ ಅಭಿನಯಿಸಿದ ಈ ಚಿತ್ರ, ಕೆ. ವಿಶ್ವನಾಥ್ ಅವರು 1986ರಲ್ಲಿ ತೆಲುಗಿನಲ್ಲಿ ರೂಪಿಸಿದ ‘ಸ್ವಾತಿಮುತ್ಯಂ’ನ ಕನ್ನಡ ಅವತರಣಿಕೆ. ಮೂಲದಲ್ಲಿ ಕಮಲಹಾಸನ್ ಮತ್ತು ರಾಧಿಕಾ ನಟಿಸಿದ್ದರು. ಇದೇ ಕಥೆ 1989ರಲ್ಲಿ ‘ಈಶ್ವರ್’ ಎಂಬ ಹೆಸರಿನಿಂದ ಹಿಂದಿಗೂ ಹೋಯಿತು. ಮೂರು ಭಾಷೆಗಳ ಜನ ಒಂದೇ ಕಥೆಗೆ ಕಣ್ಣೀರು ಹಾಕಿದ್ದಾರೆಂದರೆ ಅದು ನಮ್ಮೊಳಗಿನ ಯಾವುದೋ ಆಳವಾದ ಆಸೆಯನ್ನು ಮುಟ್ಟಿರಬೇಕು. ಆ ಆಸೆ ಯಾವುದು, ಅದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ, ಯಾವುದನ್ನು ನಮ್ಮ ಕಣ್ಣಿಂದ ಮರೆಮಾಡುತ್ತದೆ ಎಂಬುದನ್ನು ವಿಚಾರ ಮಾಡುವುದು ಈ ಬರಹದ ಉದ್ದೇಶ.

ಕಥೆ ಬಹುತೇಕ ಓದುಗರಿಗೆ ತಿಳಿದದ್ದೇ. ಹೆತ್ತವರಿಲ್ಲದ, ದೇಹ ಬೆಳೆದರೂ ಬುದ್ಧಿ ಎಳೆಯದಾಗಿಯೇ ಉಳಿದ ಒಬ್ಬ ಯುವಕ. ಅವನನ್ನು ಸಾಕುವವಳು ವಯಸ್ಸಾದ ಅಜ್ಜಿ. ಊರಿಗೆ ಮರಳಿದ ಒಬ್ಬ ಎಳೆಯ ವಿಧವೆ, ಅವಳ ಪುಟ್ಟ ಮಗ, ಅವಳನ್ನು ಹೊರೆಯೆಂದು ಭಾವಿಸುವ ಬಂಧುಗಳು. ಒಂದು ದಿನ ದೇವಸ್ಥಾನದ ಉತ್ಸವದಲ್ಲಿ ಎಲ್ಲರೂ ನೋಡುತ್ತಿರುವಂತೆಯೇ ಈ ಮುಗ್ಧ ಆಕೆಯ ಕೊರಳಿಗೆ ತಾಳಿ ಕಟ್ಟಿಬಿಡುತ್ತಾನೆ. ಊರು ಸಿಡಿಯುತ್ತದೆ. ಅಜ್ಜಿ ತೀರಿಕೊಳ್ಳುತ್ತಾಳೆ. ಇಬ್ಬರೂ ಊರು ಬಿಟ್ಟು ಹೊಸ ಬಾಳು ಕಟ್ಟಿಕೊಳ್ಳುತ್ತಾರೆ. ಕೊನೆಗೆ ಹೆಂಡತಿ ಕಾಯಿಲೆ ಬಿದ್ದು ಅವನ ತೋಳಿನಲ್ಲೇ ಪ್ರಾಣ ಬಿಡುತ್ತಾಳೆ. ಮೂಲ ಚಿತ್ರದಲ್ಲಿ ಈ ಕಥೆಯನ್ನು ನಾವು ಕಾಣುವುದು ಮಕ್ಕಳು ಮೊಮ್ಮಕ್ಕಳನ್ನು ಕಂಡ ಮುದುಕನೊಬ್ಬನ ನೆನಪಾಗಿ.

ಚಿತ್ರದ ಗುಣಗಳನ್ನು ಮೊದಲು ಹೇಳಬೇಕು. ಬೌದ್ಧಿಕ ನ್ಯೂನತೆಯುಳ್ಳವರನ್ನು ನಮ್ಮ ಸಿನಿಮಾಗಳು ಬಹುಕಾಲ ನಗೆಪಾಟಲಿಗಷ್ಟೇ ಬಳಸಿಕೊಂಡವು. ತೊದಲುವವನು, ಜೊಲ್ಲು ಸುರಿಸುವವನು, ನಾಯಕನ ಹಿಂದೆ ಓಡುವವನು - ಇಷ್ಟೇ ಅವರ ಪಾಲಿಗೆ ಬರುತ್ತಿದ್ದ ಪಾತ್ರ. ‘ಸ್ವಾತಿಮುತ್ತು’ ಅಂಥವನನ್ನು ಕಥೆಯ ನಡುಮನೆಗೆ ತಂದು ಕೂರಿಸಿತು. ಅವನಿಗೂ ಪ್ರೀತಿಸಲು ಬರುತ್ತದೆ, ದುಡಿಯಲು ಬರುತ್ತದೆ, ಮಾತು ಕೊಟ್ಟರೆ ಉಳಿಸಿಕೊಳ್ಳಲು ಬರುತ್ತದೆ ಎಂದು ತೋರಿಸಿತು. ‘ಹುಚ್ಚ’ದಂಥ ಚಿತ್ರದ ಬಿರುಸಿನ ಪಾತ್ರದಿಂದ ಹೆಸರಾಗಿದ್ದ ಸುದೀಪ್, ಇಲ್ಲಿ ತಮ್ಮ ನಿಲುವನ್ನೂ ದನಿಯನ್ನೂ ಬೇರೆಯಾಗಿಸಿಕೊಂಡು ನಟಿಸಿದರು. ಅಂಥ ಮಗುವಿರುವ ಎಷ್ಟೋ ಮನೆಗಳಲ್ಲಿ ತಾಯಂದಿರು ಈ ಚಿತ್ರವನ್ನು ತಮ್ಮದೇ ಕಥೆಯೆಂಬಂತೆ ನೋಡಿದ್ದಾರೆ. ಆ ಸಮಾಧಾನವನ್ನು ಕಸಿದುಕೊಳ್ಳುವ ಇರಾದೆ ನನಗಿಲ್ಲ.

ಆದರೆ ಕಥೆಯನ್ನು ತುಸು ನಿಧಾನವಾಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಇದು ನಿಜದಲ್ಲಿ ಅವನ ಕಥೆಯಲ್ಲ, ಆಕೆಯದು. ವಿಶ್ವನಾಥರು ಕೇಳಬಯಸಿದ ಪ್ರಶ್ನೆ ವಿಧವಾವಿವಾಹದ್ದು. ಬುದ್ಧಿವಂತರಾರೂ ಮಾಡಲಾರದ ಕೆಲಸವನ್ನು ಲೋಕದ ಲೆಕ್ಕ ತಿಳಿಯದವನೊಬ್ಬ ಮಾಡಬಲ್ಲ ಎಂಬುದು ಅವರ ಮಾರ್ಮಿಕ ಉತ್ತರ. ಆ ಉತ್ತರಕ್ಕಾಗಿ ಮುಗ್ಧನೊಬ್ಬ ಬೇಕಾಗಿದ್ದ. ಹೀಗೆ ಅವನು ವ್ಯಕ್ತಿಯಾಗುವುದಕ್ಕಿಂತ ಹೆಚ್ಚಾಗಿ ಒಂದು ಗುಣವಾಗುತ್ತಾನೆ: ಸ್ವಾತಿಮಳೆಯ ಹನಿ, ಚಿಪ್ಪಿನೊಳಗಿನ ಮುತ್ತು. ಮುತ್ತಿಗೆ ಹಸಿವಿಲ್ಲ, ಜ್ವರವಿಲ್ಲ, ಹಲ್ಲುನೋವಿಲ್ಲ. ಚಿತ್ರದಲ್ಲಿ ಸಾವು ಎರಡು ಬಾರಿ ಬರುತ್ತದೆ. ಎರಡೂ ಬಾರಿ ಅದು ಕರೆದೊಯ್ಯುವುದು ಅವನನ್ನು ನೋಡಿಕೊಳ್ಳುತ್ತಿದ್ದ ಹೆಂಗಸರನ್ನು. ಅವನ ದೇಹದ ಅನಾರೋಗ್ಯಕ್ಕೆ ಕಥೆಯ ತಿರುವುಗಳಲ್ಲಿ ಎಲ್ಲಿಯೂ ಸ್ಥಾನವಿಲ್ಲ.

ಇದನ್ನು ನಮ್ಮ ಇತರ ಚಿತ್ರಗಳೊಡನೆ ಹೋಲಿಸಿ ನೋಡಬಹುದು. ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಮತ್ತು ‘ಮಾನಸ ಸರೋವರ’ (1982) ಮನೋರೋಗದ ಕಥೆಗಳು. ಮನೋರೋಗ ಬೇರೆ, ಬೌದ್ಧಿಕ ನ್ಯೂನತೆ ಬೇರೆ. ಮೊದಲನೆಯದು ಬಾಳಿನ ಯಾವುದೇ ಹಂತದಲ್ಲಿ ಬರಬಹುದಾದ, ಗುಣವಾಗಲೂಬಹುದಾದ ಕಾಯಿಲೆ. ಎರಡನೆಯದು ಹುಟ್ಟಿನಿಂದಲೋ ಎಳವೆಯಿಂದಲೋ ಬರುವ, ಬಾಳಿನುದ್ದಕ್ಕೂ ಉಳಿಯುವ ಒಂದು ಸ್ಥಿತಿ. ನಮ್ಮ ಸಿನಿಮಾದಲ್ಲಿ ಮನೋರೋಗಿಗಾದರೂ ಆಸ್ಪತ್ರೆಯ ಬಾಗಿಲು ತೆರೆಯಿತು; ‘ಮಾನಸ ಸರೋವರ’ದ ನಾಯಕನೇ ಮನೋವೈದ್ಯ. ಮುಗ್ಧನ ಪಾಲಿಗೆ ಮಾತ್ರ ಬಂದದ್ದು ಗುಡಿಯ ಅಂಗಳ. ಅವನು ಔಷಧಕ್ಕೆ ಮೀರಿದವನು, ಆದ್ದರಿಂದ ಔಷಧ ಬೇಡದವನು ಎಂಬ ಭಾವನೆ ತೆರೆಯ ಮೇಲಷ್ಟೇ ಅಲ್ಲ, ನಮ್ಮೊಳಗೂ ಬೇರೂರಿದೆ.

ಊರು ಕೊಡುವುದು, ಊರು ಕೊಡದಿರುವುದು

ಹಾವೇರಿ ಜಿಲ್ಲೆಯ ಚಿಕ್ಕೇರೂರಿನಂಥ ಊರನ್ನು ತೆಗೆದುಕೊಳ್ಳಿ. ಹೆಸರಿನಲ್ಲೇ ಕೆರೆಯ ಸದ್ದಿರುವ, ಗೋವಿನಜೋಳ, ಹತ್ತಿ ಬೆಳೆಯುವ ಸೀಮೆಯ ದೊಡ್ಡ ಹಳ್ಳಿ. ಇಂಥ ಊರುಗಳಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಒಬ್ಬ ದೊಡ್ಡ ವಯಸ್ಸಿನವನು ಅಪರಿಚಿತನಾಗಿರುವುದಿಲ್ಲ. ಚಹಾದಂಗಡಿಯವನಿಗೆ ಅವನ ಹೆಸರು ಗೊತ್ತು. ಸಂತೆಯ ದಿನ ಯಾರೋ ಮಂಡಕ್ಕಿ ಕೊಡಿಸುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಅವನೂ ಕೈ ಹಾಕುತ್ತಾನೆ. ದನ ಹೊಡೆದುಕೊಂಡು ಹೋಗಿ ಸಂಜೆ ಮನೆಗೆ ತರುತ್ತಾನೆ. ನಗರದ ಬಾಗಿಲು ಮುಚ್ಚಿದ ಮನೆಗಳಲ್ಲಿ ಸಿಗದ ಈ ಸಲಿಗೆಯನ್ನು ನಮ್ಮ ಹಳ್ಳಿಗಳು ಕೊಡುತ್ತವೆ. ಚಿತ್ರ ಈ ಮಟ್ಟಿಗೆ ಸತ್ಯವನ್ನೇ ಹೇಳಿದೆ.

ಆದರೆ ಅದೇ ಮನುಷ್ಯ ನಾಲ್ಕು ದಿನದಿಂದ ರೊಟ್ಟಿ ಮುಟ್ಟದಿದ್ದರೆ ಏನಾಗುತ್ತದೆ? ರಾತ್ರಿಯಿಡೀ ಕೂಗಾಡಿದರೆ, ತಲೆಯನ್ನು ಗೋಡೆಗೆ ಬಡಿದುಕೊಂಡರೆ, ಸುಮ್ಮನೆ ಮೂಲೆ ಹಿಡಿದು ಕೂತರೆ? ನಮ್ಮ ಕಡೆಯ ಮಾತಿನಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಅಂವ ಮೊದಲಿಂದ್ಲೂ ಹಂಗ ಅದಾನ್ರೀ.” ಈ ಮಾತಿನಲ್ಲಿ ಕೇಡಿಲ್ಲ, ತಿರಸ್ಕಾರವೂ ಇಲ್ಲ. ಒಂದು ಬಗೆಯ ಒಪ್ಪಿಗೆಯೇ ಇದೆ. ಆದರೂ ಬೌದ್ಧಿಕ ನ್ಯೂನತೆಯುಳ್ಳವರ ಆಯುಸ್ಸನ್ನು ಕಡಿಮೆ ಮಾಡುವ ಕಾರಣಗಳಲ್ಲಿ ಈ ಮಾತೂ ಒಂದು. ಕಿವಿಯ ಸೋಂಕು ತಲೆ ಬಡಿತವಾಗಿ, ಹುಳುಕು ಹಲ್ಲು ಊಟದ ಹಟವಾಗಿ, ಹೊಟ್ಟೆಯ ಹುಣ್ಣು ರಾತ್ರಿಯ ಕೂಗಾಟವಾಗಿ ಹೊರಬರುತ್ತವೆ. ನೋವನ್ನು ಮಾತಿನಲ್ಲಿ ಹೇಳಲಾರದವರು ನಡವಳಿಕೆಯಲ್ಲಿ ಹೇಳುತ್ತಾರೆ. ನಾವು ನಡವಳಿಕೆಯನ್ನು ನ್ಯೂನತೆಯ ಖಾತೆಗೆ ಬರೆದು ಕೈತೊಳೆದುಕೊಳ್ಳುತ್ತೇವೆ. ಮನೆಯವರಷ್ಟೇ ಅಲ್ಲ, ಪರೀಕ್ಷಿಸಬೇಕಾದ ವೈದ್ಯರೂ ಹಲವೊಮ್ಮೆ ಹಾಗೆಯೇ ಮಾಡುತ್ತಾರೆ. ರೋಗದ ಗುರುತಿನ ಮೇಲೆ ನ್ಯೂನತೆಯ ನೆರಳು ಬಿದ್ದು ರೋಗವೇ ಕಾಣದಂತಾಗುವ ಈ ತಪ್ಪು ವೈದ್ಯಲೋಕಕ್ಕೆ ಚೆನ್ನಾಗಿಯೇ ತಿಳಿದಿದೆ.

ಲೆಕ್ಕ ಇಟ್ಟವರು ಕಂಡದ್ದು

ಈ ಮಾತಿನ ಬೆಲೆಯನ್ನು ಅಳೆದು ನೋಡಿದ ಒಂದು ಪ್ರಯತ್ನ ಇಂಗ್ಲೆಂಡಿನಲ್ಲಿ ನಡೆಯಿತು. ಅಲ್ಲಿನ ನೈಋತ್ಯ ಭಾಗದಲ್ಲಿ 2010ರಿಂದ 2012ರ ನಡುವೆ ಸಂಭವಿಸಿದ, ಬೌದ್ಧಿಕ ನ್ಯೂನತೆಯುಳ್ಳ 247 ಜನರ ಸಾವುಗಳನ್ನು ಒಂದು ತಂಡ ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ವರದಿ ನೀಡಿತು. ಇತರರಿಗೆ ಹೋಲಿಸಿದರೆ ಗಂಡಸರು ಸುಮಾರು 13 ವರ್ಷ ಮೊದಲು, ಹೆಂಗಸರು ಸುಮಾರು 20 ವರ್ಷ ಮೊದಲು ತೀರಿಕೊಂಡಿದ್ದರು. ಸುಮಾರು ಐವರಲ್ಲಿ ಒಬ್ಬರು 50 ವರ್ಷವನ್ನೂ ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ವೈದ್ಯಕೀಯ ಆರೈಕೆ ದೊರೆತಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳ ಪ್ರಮಾಣ ಇವರಲ್ಲಿ ಶೇಕಡಾ 37. ಸಾಮಾನ್ಯ ಜನರಲ್ಲಿ ಶೇಕಡಾ 13. ಆಸ್ಪತ್ರೆಗೆ ಬರವಿಲ್ಲದ, ಚಿಕಿತ್ಸೆಗೆ ದುಡ್ಡು ಕೇಳದ ದೇಶದ ಮಾತಿದು. ಅಲ್ಲಿ ಕೊರತೆಯಾಗಿದ್ದುದು ಮದ್ದಲ್ಲ, ಗಮನ. ಹೆಂಗಸರ ಆಯುಸ್ಸು ಇನ್ನೂ ಏಳು ವರ್ಷ ಹೆಚ್ಚಾಗಿ ಕಳೆದುಹೋಗಿತ್ತೆಂಬುದನ್ನು, ಹೆಂಗಸರ ಕಾಯಿಲೆಯನ್ನು ಕಡೆಗೆ ನೋಡುವ ರೂಢಿಯುಳ್ಳ ನಮ್ಮ ಮನೆಗಳು ವಿಶೇಷವಾಗಿ ಗಮನಿಸಬೇಕು.

‘ಇಂಥವರಿಗೆ ದೇವರು ಆಯುಸ್ಸನ್ನೇ ಕಡಿಮೆ ಬರೆದಿರುತ್ತಾನೆ’ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಡೌನ್ ಸಿಂಡ್ರೋಮ್‌ನ ಇತಿಹಾಸ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. 1949ರ ಸುಮಾರಿಗೆ ಪಾಶ್ಚಾತ್ಯ ದೇಶಗಳಲ್ಲೇ ಆ ಮಕ್ಕಳ ಸರಾಸರಿ ಆಯುಸ್ಸು ಸುಮಾರು 12 ವರ್ಷವೆಂದು ಲೆಕ್ಕ ಹಾಕಲಾಗಿತ್ತು. ಅಮೆರಿಕದಲ್ಲಿ 1983ರ ವೇಳೆಗೆ ಅವರು ಸಾಯುವ ನಡುವಯಸ್ಸು 25 ಆಗಿತ್ತು, 1997ರಲ್ಲಿ 49. ಇಂದು ಮುಂದುವರಿದ ದೇಶಗಳಲ್ಲಿ ಅದು ಸುಮಾರು 60. ಈ ಅವಧಿಯಲ್ಲಿ ಬದಲಾದದ್ದೇನು? ಫ್ರಾನ್ಸಿನ ವೈದ್ಯ ಜೆರೋಮ್ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು 1959ರಲ್ಲಿ ಪ್ರಕಟಿಸಿದಂತೆ, ಈ ಮಕ್ಕಳ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿರುತ್ತವೆ. ಆ ಸಂಶೋಧನೆಗೆ ಬೇಕಾದ ಪ್ರಯೋಗಾಲಯದ ಕೆಲಸವನ್ನು ಕಟ್ಟಿದವರು ಮಾರ್ಥ್ ಗೋತಿಯೆ ಎಂಬ ವೈದ್ಯೆ. ಲೆಜೂನರು ಕೊನೆಯವರೆಗೂ ಆ ಮಕ್ಕಳ ವೈದ್ಯರಾಗಿಯೇ ದುಡಿದರು. ಅವರ ಸದ್ಗುಣಗಳನ್ನು ಧರ್ಮಸಭೆ 2021ರಲ್ಲಿ ಅಧಿಕೃತವಾಗಿ ಮಾನ್ಯಮಾಡಿದೆ. ಅಂದು 47 ಇದ್ದ ವರ್ಣತಂತುಗಳು ಇಂದೂ 47. ಬದಲಾದದ್ದು ನಾವು. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ‘ಇವರಿಗೇಕೆ ಶಸ್ತ್ರಚಿಕಿತ್ಸೆ’ ಎನ್ನುವುದನ್ನು ಬಿಟ್ಟು ಆ ಹೃದಯಗಳನ್ನು ಸರಿಪಡಿಸಲು ಆರಂಭಿಸಿದರು. ದೊಡ್ಡ ದೊಡ್ಡ ಆಶ್ರಯಧಾಮಗಳಲ್ಲಿ ಕೂಡಿಹಾಕುವುದನ್ನು ಬಿಟ್ಟು ಮನೆಗಳಲ್ಲಿ ಬೆಳೆಸಿದರು. ಸೋಂಕುಗಳಿಗೆ ಮದ್ದು ಕೊಟ್ಟರು. ವಿಧಿಲಿಖಿತವೆಂದು ಭಾವಿಸಿದ್ದ 12 ವರ್ಷ ಹೀಗೆ 60 ಆಯಿತು.

ಮನೆಯಲ್ಲಿ ನೋಡಬೇಕಾದದ್ದು

ಆದ್ದರಿಂದ ನಮ್ಮ ಮನೆಗಳಲ್ಲಿ ಏನನ್ನು ಗಮನಿಸಬೇಕೆಂಬುದನ್ನು ಬಿಡಿಸಿ ಹೇಳುವುದು ಅಗತ್ಯ. ಡೌನ್ ಸಿಂಡ್ರೋಮ್ ಇರುವ ಮಗುವಿನ ಹೃದಯದ ಪರೀಕ್ಷೆ ಹುಟ್ಟಿದ ಕೂಡಲೇ ಆಗಬೇಕು. ಥೈರಾಯ್ಡ್ ಗ್ರಂಥಿಯ ರಕ್ತಪರೀಕ್ಷೆ ಮಗು ದೊಡ್ಡದಾದ ಮೇಲೂ ಕಾಲಕಾಲಕ್ಕೆ ನಡೆಯುತ್ತಿರಬೇಕು. ಮಂಕಾಗಿ, ದಪ್ಪಗಾಗಿ, ಸದಾ ನಿದ್ದೆಗಣ್ಣಿನಲ್ಲಿರುವವನಿಗೆ ಬೇಕಾದದ್ದು ಬೈಗುಳವಲ್ಲ, ದಿನಕ್ಕೊಂದು ಮಾತ್ರೆ ಇರಬಹುದು. ನಲವತ್ತು ದಾಟಿದ ಮೇಲೆ ಅವರಲ್ಲಿ ಮರೆವಿನ ರೋಗ ಬೇಗನೆ ಕಾಣಿಸಿಕೊಳ್ಳುವುದುಂಟು. ಕಲಿತ ಕೆಲಸ ಮರೆಯುತ್ತಿದ್ದರೆ ಅದನ್ನು ಸೋಮಾರಿತನವೆನ್ನಬಾರದು.

ಬೌದ್ಧಿಕ ನ್ಯೂನತೆಯುಳ್ಳವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೂರ್ಛೆರೋಗವಿರುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕಾರಿ. ಕೆರೆ, ಬಾವಿ, ಒಲೆಯ ಬಳಿ ಒಬ್ಬರನ್ನೇ ಬಿಡುವುದೂ ಅಷ್ಟೇ. ನುಂಗಲು ಕಷ್ಟಪಡುವವರಿಗೆ ಮಲಗಿಸಿಕೊಂಡು ಉಣಿಸಿದರೆ ಅನ್ನ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ತುತ್ತು ಚಿಕ್ಕದು ಮಾಡಿ ಉಣಿಸಬೇಕು. ಮಲಬದ್ಧತೆಯಂಥ ಸಣ್ಣ ಸಂಗತಿಯೂ ದಿನಗಟ್ಟಲೆ ಲಕ್ಷ್ಯಕ್ಕೆ ಬಾರದೆ ಹೋದರೆ ಸಾವಿಗೆ ಕಾರಣವಾದದ್ದುಂಟು. ಹಲ್ಲು, ಕಿವಿ, ಕಣ್ಣು, ತೂಕ, ರಕ್ತದೊತ್ತಡ, ಸಕ್ಕರೆ - ಇವು ವರ್ಷಕ್ಕೊಮ್ಮೆ ನೋಡಬೇಕಾದವು. ಇಂಗ್ಲೆಂಡಿನಲ್ಲಿ 14 ವರ್ಷ ತುಂಬಿದ, ಬೌದ್ಧಿಕ ನ್ಯೂನತೆಯುಳ್ಳವರಿಗೆ ಇಂಥ ವಾರ್ಷಿಕ ತಪಾಸಣೆಯ ವ್ಯವಸ್ಥೆಯಿದೆ.

ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೂ ಸರ್ಕಾರಿ ಶಾಲೆಗೂ ವೈದ್ಯರ ತಂಡ ಬರುತ್ತದೆ. ಡೌನ್ ಸಿಂಡ್ರೋಮ್, ಹುಟ್ಟು ಹೃದ್ರೋಗ ಎರಡೂ ಅದು ಹುಡುಕುವ ತೊಂದರೆಗಳ ಪಟ್ಟಿಯಲ್ಲಿವೆ. ಆದರೆ ಅದರ ಮಿತಿ 18 ವರ್ಷ. ಹದಿನೆಂಟು ತುಂಬಿದ ಮರುದಿನದಿಂದ ಆ ಮಗ, ಆ ಮಗಳು ಯಾರ ಪಟ್ಟಿಯಲ್ಲಿದ್ದಾರೆ? ಕಷ್ಟ ಬಂದಾಗ ಚಿಕ್ಕೇರೂರಿನ ತಾಯಿ ಹಿರೇಕೆರೂರಿಗೆ, ಅಲ್ಲಿಂದ ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಬಸ್ಸು ಹತ್ತಬೇಕು. ಗದ್ದಲಕ್ಕೆ ಹೆದರುವ, ಸರದಿಯಲ್ಲಿ ನಿಲ್ಲಲಾರದ ದೊಡ್ಡ ಮಗನನ್ನು ಕೈಹಿಡಿದು ಕರೆದೊಯ್ಯುವುದೆಂದರೆ ಒಂದು ದಿನದ ಕೂಲಿಯಷ್ಟೇ ಅಲ್ಲ, ನೂರು ಕಣ್ಣುಗಳ ನೋಟವನ್ನೂ ತೆರಬೇಕು. ‘ಮುಂದಿನ ವಾರ ಹೋದರಾಯಿತು’ ಎಂದು ಆಕೆ ಮುಂದೂಡಿದರೆ ಬೆರಳು ತೋರಿಸುವ ಹಕ್ಕು ನಮಗಿಲ್ಲ.

ಕಾನೂನು ಆಕೆಯ ಪರವಾಗಿಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 25ನೆಯ ಕಲಮು, ವಿಶೇಷವಾಗಿ ಗ್ರಾಮೀಣ ಪ್ರದೇಶಗಳಲ್ಲಿ, ಮನೆಯ ಹತ್ತಿರವೇ ಉಚಿತ ಆರೋಗ್ಯ ಸೇವೆ ದೊರೆಯಬೇಕೆಂದೂ ಆಸ್ಪತ್ರೆಯಲ್ಲಿ ಆದ್ಯತೆಯ ಮೇರೆಗೆ ನೋಡಬೇಕೆಂದೂ ಹೇಳುತ್ತದೆ. ಉಚಿತ ಸೇವೆಗೆ ಕುಟುಂಬದ ಆದಾಯದ ಮಿತಿಯುಂಟು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಬಂದ ‘ನಿರಾಮಯ’ ವಿಮೆ, ಮುಂಚಿತವಾಗಿ ವೈದ್ಯಕೀಯ ಪರೀಕ್ಷೆ ಕೇಳದೆ ಒಂದು ಲಕ್ಷ ರೂಪಾಯಿಯವರೆಗಿನ ವೆಚ್ಚವನ್ನು ಭರಿಸುತ್ತದೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಹಳ್ಳಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಇವರನ್ನು ಕೇಳಿದರೆ ಗುರುತಿನ ಚೀಟಿಯಿಂದ ವಿಮೆಯವರೆಗೆ ದಾರಿ ತಿಳಿಯುತ್ತದೆ. ಮಾಸಾಶನಕ್ಕಾಗಿ ಇವರ ಬಳಿಗೆ ಹೋಗುವ ನಾವು ಆರೋಗ್ಯಕ್ಕಾಗಿಯೂ ಹೋಗುವುದನ್ನು ಕಲಿಯಬೇಕು.

ಎಣಿಸದ ಸಾವು

2011ರ ಜನಗಣತಿ ನಮ್ಮ ದೇಶದಲ್ಲಿ ಬೌದ್ಧಿಕ ನ್ಯೂನತೆಯುಳ್ಳ 15 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿತು. ಬದುಕಿರುವಾಗ ಹೀಗೆ ಎಣಿಕೆಗೆ ಸಿಕ್ಕವರು ಸತ್ತಾಗ ಸಿಗುವುದಿಲ್ಲ. 2000ನೆಯ ಇಸವಿಯಿಂದ ಬಳಕೆಗೆ ಬಂದ ಮರಣ ನೋಂದಣಿಯ ನಮೂನೆ, ಸತ್ತವರು ಬೀಡಿ ಸೇದುತ್ತಿದ್ದರೇ, ಅಡಿಕೆ ಜಗಿಯುತ್ತಿದ್ದರೇ, ಮದ್ಯ ಕುಡಿಯುತ್ತಿದ್ದರೇ, ಎಷ್ಟು ವರ್ಷದಿಂದ ಎಂದು ಕೇಳುತ್ತದೆ; ಅವರಿಗೆ ನ್ಯೂನತೆಯಿತ್ತೇ ಎಂದು ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ.

ಎಣಿಸುವುದರಿಂದ ಏನಾದೀತು ಎನ್ನುವವರು ಕಾಸರಗೋಡಿನ ಗಡಿಯ ಎಣ್ಮಕಜೆ ಪಂಚಾಯತಿಯ ಪಡ್ರೆಯ ಕಡೆ ನೋಡಬೇಕು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. ಅಲ್ಲಿನ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ತಮ್ಮ ಬಳಿ ಬರುವ ಮನೆಗಳಲ್ಲಿ ಬೌದ್ಧಿಕ ನ್ಯೂನತೆ, ಮೂರ್ಛೆರೋಗ, ಅಂಗದೋಷ, ಕ್ಯಾನ್ಸರ್ ಇಷ್ಟೇಕೆ ಹೆಚ್ಚು ಎಂದು ಕೇಳಿಕೊಂಡು ಅವನ್ನು ಗುರುತಿಸುತ್ತ ಹೋದರು. ‘ದೈವದ ಮುನಿಸು’ ಎಂದು ಜನ ಸಹಿಸಿಕೊಂಡಿದ್ದ ಸಂಗತಿ ಹೀಗೆ ಪ್ರಶ್ನೆಯಾಯಿತು. ಪತ್ರಕರ್ತ ಶ್ರೀಪಡ್ರೆ ಮತ್ತಿತರರು ಆ ಪ್ರಶ್ನೆಯನ್ನು ಹೊರಲೋಕಕ್ಕೆ ಒಯ್ದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. ದೊಡ್ಡ ತೀರ್ಪೊಂದರ ಬುಡದಲ್ಲಿ ಒಬ್ಬ ಹಳ್ಳಿಯ ವೈದ್ಯನ ಎಣಿಕೆಯಿತ್ತು.

ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಒಂದು ಮರಣ ದಾಖಲೆ ಪುಸ್ತಕವಿದೆ. ಧರ್ಮಕೇಂದ್ರದ ಗುರುವೂ ಪಾಲನಾ ಸಮಿತಿಯವರೂ ಮನಸ್ಸು ಮಾಡಿದರೆ, ಕಳೆದ ಮೂವತ್ತು ವರ್ಷಗಳಲ್ಲಿ ತೀರಿಹೋದ ಇಂಥ ಸಹೋದರ ಸಹೋದರಿಯರು ಎಷ್ಟು ಜನ, ಯಾವ ವಯಸ್ಸಿನಲ್ಲಿ, ಏನಾಗಿ ತೀರಿಕೊಂಡರೆಂಬುದನ್ನು ಮನೆಯವರನ್ನು ಕೇಳಿ, ಅವರ ಒಪ್ಪಿಗೆಯಿಂದ ಗುರುತಿಸಿಕೊಳ್ಳುವುದು ಕಷ್ಟವಲ್ಲ. ಯಾರನ್ನೂ ದೂರುವುದಕ್ಕಲ್ಲ, ಬದುಕಿರುವವರಿಗಾಗಿ.

‘ದೇವರ ಮಕ್ಕಳು’ ಎಂಬ ಮಾತು

ನಮ್ಮಲ್ಲಿ ಇವರನ್ನು ‘ದೇವರ ಮಕ್ಕಳು’ ಎಂದು ಕರೆಯುವ ರೂಢಿಯಿದೆ. ಮಾತು ಸುಂದರ, ಭಾವವೂ ಸುಂದರ. ಆದರೆ ‘ಸ್ವಾತಿಮುತ್ತು’ ಎಂಬ ಹೆಸರಿಗಿರುವ ಅಪಾಯವೇ ಇದಕ್ಕೂ ಇದೆ. ದೇವರ ಮಕ್ಕಳೆಂದ ಮೇಲೆ ದೇವರೇ ನೋಡಿಕೊಳ್ಳುತ್ತಾನೆ ಎಂದು ನಾವು ಹಗುರಾಗುತ್ತೇವೆ. ಅವರು ಬೇಗ ಹೋದಾಗ ‘ದೇವರು ತನ್ನ ಹೂವನ್ನು ತಾನೇ ಕಿತ್ತುಕೊಂಡ’ ಎಂದು ಸಮಾಧಾನ ಹೇಳುತ್ತೇವೆ. ಮಾತ್ರೆ ಮುಗಿದು ಎರಡು ವಾರವಾಗಿತ್ತೆಂಬುದನ್ನು ಆ ಸಮಾಧಾನ ಮುಚ್ಚಿಹಾಕಬಾರದು. ಮಕ್ಕಳು ಎಂದು ಕರೆಯುತ್ತ ನಲವತ್ತು ವರ್ಷದವರನ್ನೂ ಮಗುವೆಂದೇ ಭಾವಿಸಿದರೆ, ನಲವತ್ತರ ವಯಸ್ಸಿಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸ್ತನದ ಗಂಟು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವುದು, ಇದು ಯಾರ ಪಾಪದ ಫಲವೆಂದು. ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ. ಎಷ್ಟೋ ತಾಯಂದಿರು ಇಂದಿಗೂ ಒಳಗೊಳಗೇ ಹೊತ್ತಿರುವ ಪ್ರಶ್ನೆ ಅದು. ಅದನ್ನು ಅವರು ಇಳಿಸಿಬಿಡಬಹುದು. ಆಮೇಲೆ ಪ್ರಭು ಮಾಡಿದ್ದು ಇನ್ನೂ ಮುಖ್ಯ. ಆ ಮನುಷ್ಯನನ್ನು ಹೊಗಳಿ, ಅವನ ಸಹನೆಯಿಂದ ಪಾಠ ಕಲಿಯಿರೆಂದು ಹೇಳಿ ಮುಂದೆ ಹೋಗಲಿಲ್ಲ. ಮಣ್ಣು ಕಲಸಿ ಅವನ ಕಣ್ಣನ್ನು ಮುಟ್ಟಿದರು. ಅವನ ಮೈಯನ್ನು ಗಮನಿಸಿದರು. ಅದೇ ಅಧ್ಯಾಯದಲ್ಲಿ ಅವನ ತಂದೆತಾಯಿ ಊರ ಹಿರಿಯರಿಗೆ ಹೆದರಿ, ಅವನಿಗೆ ವಯಸ್ಸಾಗಿದೆ, ಅವನನ್ನೇ ಕೇಳಿ ಎನ್ನುತ್ತಾರೆ. ಹೆದರಿ ಆಡಿದ ಮಾತಾದರೂ ಅದರಲ್ಲೊಂದು ಸತ್ಯವಿದೆ. ಆಸ್ಪತ್ರೆಯಲ್ಲಿ ವೈದ್ಯರು ತಾಯಿಯನ್ನಷ್ಟೇ ಕೇಳುತ್ತಾರೆ. ಮಗನನ್ನೂ ಕೇಳಬೇಕು. ಮಾತಿನಿಂದಾಗದಿದ್ದರೆ ಬೆರಳಿನಿಂದ, ಚಿತ್ರದಿಂದ, ಮುಖದ ಸುಕ್ಕಿನಿಂದ ಅವನು ಉತ್ತರ ಕೊಡುತ್ತಾನೆ.

ಚಿತ್ರದ ಕೊನೆಗೆ ಮರಳೋಣ. ಮೊಮ್ಮಕ್ಕಳನ್ನು ಕಂಡ ಆ ಮುದುಕನ ಚಿತ್ರವೇ ಮೂರು ಭಾಷೆಗಳ ಜನರ ಹೃದಯವನ್ನು ಕದಡಿದ ಆಸೆ: ನಮ್ಮ ಈ ಮಗು ನಮ್ಮ ನಂತರವೂ ಬದುಕಲಿ, ಒಬ್ಬಂಟಿಯಾಗದಿರಲಿ. ‘ನಮ್ಮ ನಂತರ ಯಾರು?’ ಎಂಬ ಅಜ್ಜಿಯ ಚಿಂತೆಗೆ ಚಿತ್ರ ಕೊಟ್ಟ ಉತ್ತರ ಮದುವೆ. ಅಜ್ಜಿಯ ಜಾಗಕ್ಕೆ ಇನ್ನೊಬ್ಬ ಹೆಣ್ಣು ಬಂದಳು. ಅವಳೂ ದಣಿದು ಹೋದಳು. ಈ ಉತ್ತರವನ್ನು ನಮ್ಮ ಮನೆಗಳು ಅನುಕರಿಸಬಾರದು. ಮುತ್ತು ತಾನಾಗಿ ಮುದಿಯಾಗುವುದಿಲ್ಲ. ಅದನ್ನು ಮುಪ್ಪಿನವರೆಗೆ ತಲುಪಿಸಬೇಕಾದವರು ಅಣ್ಣತಮ್ಮಂದಿರು, ಅಕ್ಕತಂಗಿಯರು, ನೆರೆಯವರು, ವೈದ್ಯರು, ಸರ್ಕಾರ, ಧರ್ಮಕೇಂದ್ರ - ಎಲ್ಲರೂ ಸೇರಿ.

ಮುಂದಿನ ಸಲ ಈ ಚಿತ್ರ ನಿಮ್ಮ ಮನೆಯಲ್ಲಿ ಬಂದಾಗ ಖಂಡಿತ ನೋಡಿ, ಮನಸ್ಸಾದರೆ ಅಳಿ. ಮರುದಿನ ಬೆಳಿಗ್ಗೆ ನಿಮ್ಮ ಓಣಿಯಲ್ಲಿರುವ ಅಂಥ ಒಬ್ಬರ ಮನೆಗೆ ಹೋಗಿ, ಅವರ ಮಾತ್ರೆ ಮುಗಿದಿದೆಯೇ, ಹಲ್ಲು ನೋಯುತ್ತಿದೆಯೇ, ಆಸ್ಪತ್ರೆಗೆ ಜೊತೆಗೆ ಯಾರಾದರೂ ಬರಬೇಕೇ ಎಂದು ಕೇಳಿ. “ಅಂವ ಮೊದಲಿಂದ್ಲೂ ಹಂಗ” ಎಂಬ ಉತ್ತರ ಬಂದರೆ, “ಹಂಗ ಇದ್ರೂ ಒಮ್ಮೆ ತೋರಿಸೋಣ ನಡೀರಿ” ಎನ್ನಿ.